ಕಾಡಿಗೆ ಮತ್ತು ಕಣ್ಣಿನ ಅಲಂಕಾರ: ವಿಧಾನ, ಘಟಕ, ಸುರಕ್ಷತೆ

ಹುಬ್ಬು, ಕಣ್ಣುರೆಪ್ಪೆ, ರೆಪ್ಪೆಗೂದಲು ಮತ್ತು ಎವೆಯಂಚಿಗೆ ಕಪ್ಪನ್ನೋ ಬಣ್ಣವನ್ನೋ ಹಚ್ಚಿ ಕಣ್ಣಿನ ಆಕಾರ ಎದ್ದು ಕಾಣುವಂತೆ ಮಾಡುವ ಪ್ರಸಾಧನವೇ ಕಣ್ಣಿನ ಅಲಂಕಾರ. ಕಾಡಿಗೆ, ಸುರ್ಮಾ, ಐಲೈನರ್, ಐಶ್ಯಾಡೋ, ಮಸ್ಕರಾ, ಹುಬ್ಬಿನ ಪೆನ್ಸಿಲ್, ಕೃತಕ ರೆಪ್ಪೆಗೂದಲು ಇದರ ಮುಖ್ಯ ಸಾಮಗ್ರಿಗಳು. ಕೆನ್ನೆಗೆ ಹಚ್ಚಿದ ಬಣ್ಣ ಬಹುಮಟ್ಟಿಗೆ ಕೆನ್ನೆಯಲ್ಲೇ ಉಳಿಯುತ್ತದೆ. ಎವೆಯಂಚಿಗೆ ಹಚ್ಚಿದ್ದು ಕೆಲವೇ ನಿಮಿಷಗಳಲ್ಲಿ ಕಣ್ಣೀರಿಗೆ ಇಳಿಯುತ್ತದೆ. ಈ ಅಲಂಕಾರದಲ್ಲಿ ಏನನ್ನು ಹಚ್ಚುತ್ತೇವೆ ಎಂಬುದರಷ್ಟೇ ಎಲ್ಲಿ ಹಚ್ಚುತ್ತೇವೆ ಎಂಬುದೂ ಮುಖ್ಯ. ‘ನೈಸರ್ಗಿಕ’ ಮತ್ತು ‘ರಾಸಾಯನಿಕ’ ಎಂದು ಎರಡು ಪಂಗಡ ಮಾಡಿ ಮೊದಲನೆಯದನ್ನು ನಂಬುವ ರೂಢಿ ಇಲ್ಲಿ ಕೆಲಸಕ್ಕೆ ಬಾರದು. ಈ ಪ್ರಸಾಧನದ ಚರಿತ್ರೆಯಲ್ಲಿ ಅತಿ ಹೆಚ್ಚು ಕಾಲ ಹಾನಿ ಮಾಡಿದ ಪದಾರ್ಥ ನೆಲದಿಂದ ಅಗೆದು ತೆಗೆದ ಶುದ್ಧ ಖನಿಜವೊಂದು.

ಎವೆಯಂಚು

ಕಣ್ಣುರೆಪ್ಪೆಯ ಚರ್ಮ ದೇಹದಲ್ಲೇ ಅತಿ ತೆಳುವಾದದ್ದು. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಇದರ ಕೆಳಗೆ ಕೊಬ್ಬಿನ ಪದರ ಇಲ್ಲವೆನ್ನುವಷ್ಟು ಕಡಿಮೆ. ಬೇರೆ ಕಡೆ ತೊಂದರೆ ಕೊಡದ ಸುಗಂಧವೋ ಸಂರಕ್ಷಕವೋ ಇಲ್ಲಿ ಉರಿ, ತುರಿಕೆ, ಊತ ತರುವುದು ಇದೇ ಕಾರಣಕ್ಕೆ. ರೆಪ್ಪೆಗೂದಲುಗಳ ಸಾಲಿಗೂ ಕಣ್ಣುಗುಡ್ಡೆಗೂ ನಡುವಿನ ತೇವದ ಅಂಚನ್ನು ಅಲಂಕಾರ ಮಾಡುವವರು ವಾಟರ್‌ಲೈನ್ ಎನ್ನುತ್ತಾರೆ. ಮೈಬೋಮಿಯನ್ ಗ್ರಂಥಿಗಳ ಬಾಯಿಗಳು ತೆರೆದುಕೊಳ್ಳುವುದು ಅಲ್ಲೇ. ಮೇಲಿನ ರೆಪ್ಪೆಯಲ್ಲಿ 25ರಿಂದ 40, ಕೆಳಗಿನದರಲ್ಲಿ 20ರಿಂದ 30ರಷ್ಟಿರುವ ಈ ಗ್ರಂಥಿಗಳು ಸ್ರವಿಸುವ ಎಣ್ಣೆ ಕಣ್ಣೀರಿನ ಮೇಲೆ ತೆಳುವಾಗಿ ಹರಡಿ ಅದು ಬೇಗ ಆರದಂತೆ ಕಾಯುತ್ತದೆ. ಮೇಣ, ಎಣ್ಣೆ, ಬಣ್ಣದ ಪುಡಿ ಸೇರಿದ ಪೆನ್ಸಿಲನ್ನು ಈ ಅಂಚಿನ ಮೇಲೆ ದಿನವೂ ಎಳೆದರೆ ಗ್ರಂಥಿಗಳ ಬಾಯಿ ಕಟ್ಟಿಕೊಂಡು ಕಣ್ಣು ಒಣಗುವುದು, ಮರಳು ಬಿದ್ದಂತೆ ಚುಚ್ಚುವುದು, ಎವೆಯಂಚು ಕೆಂಪಾಗುವುದು ಸಾಧ್ಯ.

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನ, ಎವೆಯಂಚಿಗೆ ಹಚ್ಚಿದ್ದು ಕಣ್ಣೀರಿಗೆ ಇಳಿಯುವುದನ್ನು ಕಣ್ಣಾರೆ ತೋರಿಸಿತು. ಹೊಳಪಿನ ಕಣಗಳಿದ್ದ ಪೆನ್ಸಿಲನ್ನು ಒಮ್ಮೆ ರೆಪ್ಪೆಗೂದಲ ಸಾಲಿನ ಹೊರಗೆ, ಇನ್ನೊಮ್ಮೆ ಒಳಗೆ ಎಳೆದು ಚಿತ್ರೀಕರಿಸಿದಾಗ, ಒಳಗೆ ಎಳೆದಾಗ ಐದು ನಿಮಿಷಗಳಲ್ಲಿ ಶೇ. 15ರಿಂದ 30ರಷ್ಟು ಹೆಚ್ಚು ಕಣಗಳು ಕಣ್ಣೀರಿನ ಪದರಕ್ಕೆ ಸೇರಿದ್ದವು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಲ್ಲಿ ಈ ಕಣಗಳು ಲೆನ್ಸಿಗೇ ಅಂಟಿ ದಿನವಿಡೀ ಕಾರ್ನಿಯಾವನ್ನು ಉಜ್ಜುತ್ತವೆ. ಕಣ್ಣೀರು ಕೊನೆಗೆ ಮೂಗಿನ ಪಕ್ಕದ ನಾಳದ ಮೂಲಕ ಗಂಟಲಿಗೆ ಇಳಿಯುವುದರಿಂದ ಕಣ್ಣಿಗೆ ಹಚ್ಚಿದ್ದು ಹೊಟ್ಟೆಗೂ ಹೋಗುತ್ತದೆ. ಸೀಸದ ವಿಷಯ ಬಂದಾಗ ಈ ದಾರಿಯನ್ನು ನೆನಪಿಡಬೇಕು.

ಮನೆಯ ಕಾಡಿಗೆ

ಕರ್ನಾಟಕದ ಮನೆಗಳಲ್ಲಿ ಕಾಡಿಗೆ ಹಿಡಿಯುವ ಕ್ರಮ ಊರಿಂದೂರಿಗೆ ತುಸು ಬೇರೆಯಾದರೂ ತತ್ವ ಒಂದೇ. ಹತ್ತಿಯ ಬತ್ತಿಯನ್ನೋ ಶುಭ್ರವಾದ ಹಳೆಯ ಬಟ್ಟೆಯ ಚೂರನ್ನೋ ಹೊನಗೊನ್ನೆ ಸೊಪ್ಪಿನ ಅಥವಾ ನಂದಿಬಟ್ಟಲು ಹೂವಿನ ರಸದಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಹರಳೆಣ್ಣೆಯ ಇಲ್ಲವೇ ತುಪ್ಪದ ಹಣತೆಯಲ್ಲಿ ಹಚ್ಚುತ್ತಾರೆ. ಜ್ವಾಲೆಯ ಮೇಲೆ ತಾಮ್ರದ ಅಥವಾ ಹಿತ್ತಾಳೆಯ ತಟ್ಟೆಯನ್ನು ಬೋರಲು ಹಾಕಿದರೆ ಅದರ ತಳಕ್ಕೆ ಮಸಿ ಕಟ್ಟುತ್ತದೆ. ಅದನ್ನು ಕೆರೆದು ಎಣ್ಣೆ, ತುಪ್ಪ ಅಥವಾ ಬೆಣ್ಣೆಯಲ್ಲಿ ಕಲಸಿ ಡಬ್ಬಿಗೆ ತುಂಬುತ್ತಾರೆ. ತಂಪಿಗೆಂದು ಕೆಲವರು ಚಿಟಿಕೆ ಪಚ್ಚಕರ್ಪೂರ ಸೇರಿಸುವುದುಂಟು.

ಎಣ್ಣೆ ಪೂರ್ತಿ ಉರಿಯದೆ ಉಳಿದ ಇಂಗಾಲವೇ ಈ ಮಸಿ. ಇದರಲ್ಲಿ ಸೀಸ ಇರುವುದಿಲ್ಲ. ಖನಿಜದ ಸುರ್ಮಾಕ್ಕೆ ಹೋಲಿಸಿದರೆ ಅದೇ ದೊಡ್ಡ ಗುಣ. ಆದರೂ ಅದನ್ನು ದೋಷರಹಿತ ಎನ್ನಲಾಗದು. ಅಪೂರ್ಣ ದಹನದಲ್ಲಿ ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೋಕಾರ್ಬನ್‌ಗಳೂ ಹುಟ್ಟುತ್ತವೆ, ಅವುಗಳಲ್ಲಿ ಕೆಲವು ಕ್ಯಾನ್ಸರ್‌ಕಾರಕ. ಕಾರ್ಖಾನೆಯಲ್ಲಿ ತಯಾರಾಗುವ ಕಾರ್ಬನ್ ಬ್ಲ್ಯಾಕ್‌ಗೆ ಈ ಕಲ್ಮಶಗಳ ಮಿತಿಯನ್ನು ಕಾನೂನು ನಿಗದಿ ಮಾಡಿದೆ. ಮನೆಯ ತಟ್ಟೆಯ ಮಸಿಯನ್ನು ಯಾರೂ ಅಳೆಯುವುದಿಲ್ಲ. ಕರ್ಪೂರ ಕಣ್ಣನ್ನು ಕೆರಳಿಸುವ ಪದಾರ್ಥ. ಬೆಣ್ಣೆ, ತುಪ್ಪ ಕಲಸಿದ ಕಾಡಿಗೆಯಲ್ಲಿ ಸಂರಕ್ಷಕ ಇಲ್ಲದ್ದರಿಂದ, ಮನೆಮಂದಿಯೆಲ್ಲ ಬೆರಳು ಅದ್ದುವ ಡಬ್ಬಿ ಬೇಗ ಕೆಡುತ್ತದೆ. ಸ್ವಲ್ಪ ಸ್ವಲ್ಪವೇ ಹಿಡಿದು, ಒಬ್ಬರಿಗೊಂದು ಡಬ್ಬಿ ಇಟ್ಟು, ಎವೆಯಂಚಿನ ಹೊರಗೆ ಹಚ್ಚಿಕೊಳ್ಳುವ ವಯಸ್ಕರಿಗೆ ಇದರಿಂದ ಆಗಬಹುದಾದ ಅಪಾಯ ಕಡಿಮೆ. ಮಕ್ಕಳ ವಿಷಯ ಬೇರೆ. ಅದನ್ನು ಮುಂದೆ ನೋಡೋಣ.

ಹೊಳೆವ ಕಪ್ಪು: ಗ್ಯಾಲೀನಾ

ಪ್ರಾಚೀನ ಈಜಿಪ್ಟಿನಲ್ಲಿ ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಕಣ್ಣಿಗೆ ಬಣ್ಣ ಹಚ್ಚುತ್ತಿದ್ದರು. ಹಸಿರಿಗೆ ತಾಮ್ರದ ಖನಿಜವಾದ ಮ್ಯಾಲಕೈಟ್, ಕಪ್ಪಿಗೆ ಸೀಸದ ಸಲ್ಫೈಡ್ ಆದ ಗ್ಯಾಲೀನಾ. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಕಾಡಿಗೆ ಪಾತ್ರೆಗಳಲ್ಲಿ ಉಳಿದಿದ್ದ ಪುಡಿಯನ್ನು ಫಿಲಿಪ್ ವಾಲ್ಟರ್ ಮತ್ತು ಸಂಗಡಿಗರು ವಿಶ್ಲೇಷಿಸಿ 1999ರಲ್ಲಿ ಪ್ರಕಟಿಸಿದರು. ಗ್ಯಾಲೀನಾದ ಜೊತೆ ನಿಸರ್ಗದಲ್ಲಿ ಬಹಳ ಅಪರೂಪವಾದ ಲಾರಿಯೊನೈಟ್, ಫಾಸ್ಜಿನೈಟ್ ಎಂಬ ಸೀಸದ ಕ್ಲೋರೈಡ್ ಸಂಯುಕ್ತಗಳೂ ಅದರಲ್ಲಿದ್ದವು. ಈಜಿಪ್ಟಿನವರು ಅವನ್ನು ಬೇಕೆಂದೇ ತಯಾರಿಸಿಕೊಂಡಿದ್ದರು. ಇದೇ ತಂಡ 2010ರಲ್ಲಿ, ಇಂಥ ಸೀಸದ ಅಯಾನುಗಳು ಅತಿ ಸಣ್ಣ ಪ್ರಮಾಣದಲ್ಲಿ ಚರ್ಮದ ಜೀವಕೋಶಗಳನ್ನು ಪ್ರಚೋದಿಸಿ ನೈಟ್ರಿಕ್ ಆಕ್ಸೈಡ್ ಉತ್ಪಾದನೆಯನ್ನು ಹೆಚ್ಚಿಸುತ್ತವೆಂದು ತೋರಿಸಿತು. ಸೋಂಕಿನ ವಿರುದ್ಧ ಅದರಿಂದ ಸ್ವಲ್ಪ ರಕ್ಷಣೆ ಸಿಕ್ಕಿರಬಹುದು ಎಂಬುದು ಅವರ ತರ್ಕ. ಸುರ್ಮಾ ಮಾರುವವರು ಈ ಸಂಶೋಧನೆಯನ್ನು ತಮ್ಮ ಸರಕಿನ ಪ್ರಮಾಣಪತ್ರದಂತೆ ಬಳಸುವುದು ತಪ್ಪು. ಪ್ರಯೋಗಾಲಯದ ಜೀವಕೋಶಗಳ ಮೇಲಿನ ಆ ಫಲಿತಾಂಶ, ವರ್ಷಗಟ್ಟಲೆ ದೇಹಕ್ಕೆ ಸೇರುವ ಸೀಸದಿಂದ ಮಿದುಳಿಗೂ ಮೂತ್ರಪಿಂಡಕ್ಕೂ ಆಗುವ ಹಾನಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಭಾರತದಲ್ಲೂ ಖನಿಜ ಅಂಜನದ ಪರಂಪರೆ ಹಳೆಯದು. ಚರಕ ಸಂಹಿತೆಯ ದಿನಚರಿ ಭಾಗ ಪ್ರತಿನಿತ್ಯ ಸೌವೀರಾಂಜನವನ್ನೂ, ಐದು ಅಥವಾ ಎಂಟು ರಾತ್ರಿಗಳಿಗೊಮ್ಮೆ ಕಣ್ಣೀರು ಹರಿಸಲು ಮರದರಿಶಿನದಿಂದ ಮಾಡುವ ರಸಾಂಜನವನ್ನೂ ಹೇಳುತ್ತದೆ. ಸೌವೀರಾಂಜನ ಯಾವ ಖನಿಜ ಎಂಬುದರಲ್ಲಿ ವಿದ್ವಾಂಸರ ನಡುವೆ ಒಮ್ಮತವಿಲ್ಲ. ಕೆಲವರು ಆಂಟಿಮನಿಯ ಸಲ್ಫೈಡ್ ಎಂದರೆ ಕೆಲವರು ಗ್ಯಾಲೀನಾ ಎನ್ನುತ್ತಾರೆ. ಪಶ್ಚಿಮ ಏಷ್ಯಾ, ಉತ್ತರ ಆಫ್ರಿಕಾ, ಪಾಕಿಸ್ತಾನ, ಭಾರತಗಳಲ್ಲಿ ಸುರ್ಮಾ ಅಥವಾ ಕೋಲ್ ಎಂದು ಮಾರಾಟವಾಗುವ ಪುಡಿಯದ್ದೂ ಇದೇ ಕಥೆ. ಹೆಸರಿಗೆ ಆಂಟಿಮನಿ, ಪರೀಕ್ಷೆಗೆ ಒಡ್ಡಿದಾಗ ಬಹಳಷ್ಟು ಸಲ ಸಿಗುವುದು ಸೀಸ.

ಶುದ್ಧ ಗ್ಯಾಲೀನಾದ ತೂಕದಲ್ಲಿ ಶೇ. 86ಕ್ಕೂ ಹೆಚ್ಚು ಸೀಸವೇ. 2011ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ನೈಜೀರಿಯಾ ಮೂಲದ ಕುಟುಂಬದ ಆರು ತಿಂಗಳ ಮಗುವಿನ ರಕ್ತದಲ್ಲಿ ಸೀಸ ಹೆಚ್ಚಿರುವುದು ಪತ್ತೆಯಾದಾಗ, ಮಗುವಿನ ಕಣ್ಣಿಗೆ ಹಚ್ಚುತ್ತಿದ್ದ ‘ತಿರೊ’ ಎಂಬ ಪುಡಿಯನ್ನು ಪರೀಕ್ಷಿಸಿದರು. ಅದರಲ್ಲಿ ಶೇ. 82.6ರಷ್ಟು ಸೀಸವಿತ್ತು. ದೃಷ್ಟಿ ಚುರುಕಾಗಲೆಂದು, ನೋಡಲು ಚೆಂದವೆಂದು ಹಚ್ಚಿದ್ದೇ ಹೊರತು ಆ ಮನೆಯವರಿಗೆ ಅದರೊಳಗೆ ಏನಿದೆ ಎಂದು ಹೇಳಿದವರೇ ಇರಲಿಲ್ಲ. ವಯಸ್ಕರು ಹೊಟ್ಟೆಗೆ ಹೋದ ಸೀಸದ ಹತ್ತನೇ ಒಂದು ಭಾಗವನ್ನು ಹೀರಿಕೊಂಡರೆ ಎಳೆಯ ಮಕ್ಕಳು ಅರ್ಧದಷ್ಟನ್ನು ಹೀರಿಕೊಳ್ಳಬಲ್ಲರು. ಕಣ್ಣುಜ್ಜಿದ ಬೆರಳು ನೇರ ಬಾಯಿಗೆ ಹೋಗುತ್ತದೆ. ಸೀಸಕ್ಕೆ ಸುರಕ್ಷಿತ ಮಟ್ಟ ಎಂಬುದು ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ; ರಕ್ತದ ಪ್ರತಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲವನ್ನು ಹುಡುಕಿ ತೆಗೆಯಬೇಕೆಂಬುದು ಅದರ 2021ರ ಮಾರ್ಗಸೂಚಿ. ಅಮೆರಿಕದಲ್ಲಿ ಕೋಲ್ ಅನ್ನು ಪ್ರಸಾಧನದ ಬಣ್ಣವಾಗಿ ಬಳಸಲು ಅನುಮತಿಯೇ ಇಲ್ಲ. ಹಜ್ ಯಾತ್ರೆಯಿಂದಲೋ ಕೊಲ್ಲಿ ದೇಶಗಳಿಂದಲೋ ಪ್ರೀತಿಯ ಕಾಣಿಕೆಯಾಗಿ ಬರುವ ಸುರ್ಮಾದ ಬಾಟಲಿಯ ಮೇಲೆ ಘಟಕಗಳ ಪಟ್ಟಿ ಇಲ್ಲದಿದ್ದರೆ ಅದನ್ನು ಕಣ್ಣಿಗೆ ಹಚ್ಚದಿರುವುದೇ ಸರಿ.

ಹಚ್ಚುವ ವಿಧಾನಗಳು

ಇಂದಿನ ಕಣ್ಣಿನ ಅಲಂಕಾರದಲ್ಲಿ ಮೂರು ಕೆಲಸಗಳಿವೆ: ಗೆರೆ ಎಳೆಯುವುದು, ರೆಪ್ಪೆಗೆ ನೆರಳು ಕೊಡುವುದು, ರೆಪ್ಪೆಗೂದಲನ್ನು ದಟ್ಟವಾಗಿ ಕಾಣಿಸುವುದು.

ಗೆರೆಗೆ ಪೆನ್ಸಿಲ್, ಜೆಲ್, ದ್ರವ ಎಂಬ ಮೂರು ರೂಪಗಳಿವೆ. ಪೆನ್ಸಿಲ್ ಮೃದು, ಬೇಗ ಹರಡುತ್ತದೆ. ಅದನ್ನು ಬೇಕೆಂದೇ ತೀಡಿ ಮಸುಕಾಗಿಸಿದರೆ ಸ್ಮೋಕಿ ಕಣ್ಣು. ದ್ರವದ ಲೈನರ್ ಒಣಗಿದ ಮೇಲೆ ಚರ್ಮಕ್ಕೆ ತೆಳುಪೊರೆಯಂತೆ ಅಂಟಿಕೊಳ್ಳುವುದರಿಂದ ಕಣ್ಣೊಳಗೆ ಜಾರುವುದು ಕಡಿಮೆ. ಹೊರಗಣ್ಣಿನ ಮೂಲೆಯಿಂದ ಹುಬ್ಬಿನ ತುದಿಯತ್ತ ರೆಕ್ಕೆಯ ಹಾಗೆ ಗೆರೆ ಎಳೆಯುವಾಗ ಕಣ್ಣು ಮುಚ್ಚಿಕೊಳ್ಳದೆ, ನೇರ ಕನ್ನಡಿ ನೋಡುತ್ತ, ಮೊದಲು ತುದಿಯ ಬಿಂದುವನ್ನು ಗುರುತಿಸಿ ನಂತರ ಒಳಕ್ಕೆ ಸೇರಿಸಬೇಕು. ರೆಪ್ಪೆಯ ಮಡಿಕೆ ಇಳಿಬಿದ್ದ ಕಣ್ಣಿಗೆ, ವಯಸ್ಸಾದವರ ಕಣ್ಣಿಗೆ ಈ ಕ್ರಮ ಇನ್ನೂ ಮುಖ್ಯ. ಕಣ್ಣು ಮುಚ್ಚಿ ಎಳೆದ ಗೆರೆ ತೆರೆದಾಗ ಮಡಿಕೆಯೊಳಗೆ ಮುರಿದು ಕಾಣುತ್ತದೆ. 1960ರ ದಶಕದ ಕನ್ನಡ ಚಿತ್ರಗಳಲ್ಲಿ ಬಿ. ಸರೋಜಾದೇವಿ, ಕಲ್ಪನಾ ಅವರ ಕಣ್ಣಿಂದ ಹೊರಚಾಚಿದ ಗೆರೆ ಕಪ್ಪುಬಿಳುಪು ತೆರೆಯಲ್ಲಿ ಎಷ್ಟು ಮಾತಾಡುತ್ತಿತ್ತೆಂದು ನೋಡಿದವರೆಲ್ಲ ಬಲ್ಲರು.

ಮೇಲಿನ ರೆಪ್ಪೆಗೂದಲ ಬುಡದ ಸಂದುಗಳಿಗೆ ಕಪ್ಪು ತುಂಬುವುದು ಟೈಟ್‌ಲೈನ್. ಕೂದಲು ದಟ್ಟವಿದ್ದಂತೆ ಕಾಣುವುದಾದರೂ ಕಪ್ಪು ಗ್ರಂಥಿಗಳ ಬಾಯಿಗೆ ಅತಿ ಹತ್ತಿರ ಬರುವುದು ಇದರಲ್ಲೇ. ಹೊರಗಿನಿಂದ, ಕೂದಲ ಬುಡಕ್ಕೆ ಚುಕ್ಕೆಗಳನ್ನಿಟ್ಟು ಜೋಡಿಸಿದರೆ ಹೆಚ್ಚುಕಡಿಮೆ ಅದೇ ಪರಿಣಾಮ ಸಿಗುತ್ತದೆ. ಒಣಕಣ್ಣಿನವರಿಗೆ, ಲೆನ್ಸ್ ಹಾಕುವವರಿಗೆ ಇದೇ ಒಳ್ಳೆಯ ದಾರಿ. ಲೆನ್ಸನ್ನು ಅಲಂಕಾರಕ್ಕೆ ಮೊದಲು ಹಾಕಿ, ಅಲಂಕಾರ ಅಳಿಸುವ ಮೊದಲು ತೆಗೆಯಬೇಕು.

ನೆರಳಿಗೆ ಬಳಸುವ ಐಶ್ಯಾಡೋ ಪುಡಿಯನ್ನು ಬ್ರಷ್ಷಿಗೆ ಹಚ್ಚಿಕೊಂಡು ಹೆಚ್ಚಿನದನ್ನು ಡಬ್ಬಿಯ ಅಂಚಿಗೆ ಕೊಡವಿ, ರೆಪ್ಪೆಯ ಮೇಲೆ ಒತ್ತಿ ಕೂರಿಸಿದರೆ ಉದುರುವುದು ಕಡಿಮೆ. ದಪ್ಪ ಕಣಗಳ ಮಿನುಗು, ಅದರಲ್ಲೂ ಕರಕುಶಲ ಕೆಲಸಕ್ಕೆಂದು ಅಂಗಡಿಯಲ್ಲಿ ಸಿಗುವ ಗ್ಲಿಟರ್, ಕಣ್ಣಿಗೆ ತಕ್ಕದ್ದಲ್ಲ. ಅದರ ಚೂಪು ಅಂಚು ಕಾರ್ನಿಯಾವನ್ನು ಗೀರಬಲ್ಲದು.

ಮಸ್ಕರಾದ ಈಗಿನ ರೂಪ ಇಪ್ಪತ್ತನೇ ಶತಮಾನದ್ದು. ಅಮೆರಿಕದ ಟಿ. ಎಲ್. ವಿಲಿಯಮ್ಸ್ 1915ರಲ್ಲಿ ಮೇಬಲೀನ್ ಸಂಸ್ಥೆ ಆರಂಭಿಸಿದರು; ಆ ಕಾಲದ ಮಸ್ಕರಾ ಒದ್ದೆ ಬ್ರಷ್ಷಿನಿಂದ ಉಜ್ಜಿ ಹಚ್ಚುವ ಗಟ್ಟಿ ಬಿಲ್ಲೆಯಾಗಿತ್ತು. ನಳಿಕೆಯೊಳಗೇ ಕಡ್ಡಿ ಇರುವ ಮಸ್ಕರಾವನ್ನು ಹೆಲೆನಾ ರುಬಿನ್‌ಸ್ಟೈನ್ 1950ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ತಂದರು. ಇದು ಅನುಕೂಲವನ್ನೂ ಹೊಸದೊಂದು ಅಪಾಯವನ್ನೂ ತಂದಿತು: ರೆಪ್ಪೆಗೂದಲನ್ನು ಮುಟ್ಟಿದ ಕಡ್ಡಿ ಪ್ರತಿಸಲವೂ ಬ್ಯಾಕ್ಟೀರಿಯಾವನ್ನು ಹೊತ್ತು ನಳಿಕೆಗೆ ಮರಳುತ್ತದೆ. ಹೀಗೆ ಕಲುಷಿತವಾದ ಮಸ್ಕರಾದ ಕಡ್ಡಿ ಕಾರ್ನಿಯಾಕ್ಕೆ ತಗುಲಿ ಗೀರಿದಾಗ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ನುಗ್ಗಿ ಹುಣ್ಣಾದ ಪ್ರಕರಣಗಳನ್ನು ಅಮೆರಿಕದ ವೈದ್ಯರು 1970ರ ದಶಕದಲ್ಲೇ ವರದಿ ಮಾಡಿದ್ದಾರೆ. ಈ ಹುಣ್ಣು ಒಂದೆರಡು ದಿನಗಳಲ್ಲೇ ದೃಷ್ಟಿಯನ್ನು ಕಸಿಯಬಲ್ಲದು. ಓಡುವ ಬಸ್ಸಿನಲ್ಲಿ, ಕಾರಿನಲ್ಲಿ ಮಸ್ಕರಾ ಹಚ್ಚಬಾರದು. ಒಣಗಿದ ಮಸ್ಕರಾಕ್ಕೆ ನೀರನ್ನೋ ಎಂಜಲನ್ನೋ ಬೆರೆಸಬಾರದು. ತೆರೆದ ಮೂರು ತಿಂಗಳಿಗೆ ಎಸೆಯಬೇಕು.

ಘಟಕಗಳು

ಕಣ್ಣಿನ ಬಣ್ಣಗಳಲ್ಲಿ ಬಹುಪಾಲು ಖನಿಜ ವರ್ಣಗಳೇ. ಪೆಟ್ಟಿಗೆಯ ಹಿಂದೆ ಅವು ‘ಸಿಐ’ ಎಂಬ ಅಂತರರಾಷ್ಟ್ರೀಯ ಸಂಖ್ಯೆಯಲ್ಲಿರುತ್ತವೆ: ಕಬ್ಬಿಣದ ಆಕ್ಸೈಡುಗಳು 77491, 77492, 77499 (ಕ್ರಮವಾಗಿ ಕೆಂಪು, ಹಳದಿ, ಕಪ್ಪು), ಟೈಟಾನಿಯಂ ಡೈಆಕ್ಸೈಡ್ 77891, ಅಲ್ಟ್ರಾಮರೀನ್ ನೀಲಿ 77007, ಕಾರ್ಬನ್ ಬ್ಲ್ಯಾಕ್ 77266. 75470 ಎಂದಿದ್ದರೆ ಅದು ಕಾರ್ಮೈನ್, ಒಂದು ಜಾತಿಯ ಕೀಟದಿಂದ ತೆಗೆದ ಕೆಂಪು. ಸಸ್ಯಾಹಾರದ ಕಟ್ಟುನಿಟ್ಟು ಪಾಲಿಸುವವರು ಗಮನಿಸಬೇಕು. ಕಾಗೆಬಂಗಾರ ಅಂದರೆ ಅಭ್ರಕ ಹೊಳಪು ಕೊಡುತ್ತದೆ. ಕಾರ್ನೌಬಾ ಮೇಣ, ಜೇನುಮೇಣ, ಹರಳೆಣ್ಣೆ ಅಂಟು ಮತ್ತು ಜಾರುಗುಣ ಕೊಡುತ್ತವೆ. ಇವೆಲ್ಲ ಸಾಮಾನ್ಯವಾಗಿ ನಿರುಪದ್ರವಿ.

ಟಾಲ್ಕ್ ಅಂದರೆ ಬಳಪದ ಕಲ್ಲಿನ ಪುಡಿಯ ಬಗ್ಗೆ ಇರುವ ಮುಖ್ಯ ಆತಂಕ ಅದೇ ಗಣಿಯಲ್ಲಿ ಜೊತೆಗೂಡಿ ಸಿಗಬಹುದಾದ ಕಲ್ನಾರಿನದು. 2019ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ (ಎಫ್‌ಡಿಎ), ಎಳೆಯ ಹುಡುಗಿಯರು ಕೊಳ್ಳುವ ಅಂಗಡಿಗಳಲ್ಲಿದ್ದ ಐಶ್ಯಾಡೋ ಒಂದರಲ್ಲೂ ಕಲ್ನಾರನ್ನು ಪತ್ತೆ ಮಾಡಿತು. ನೀರಿಗೆ ಹೋಗದ ಮಸ್ಕರಾಗಳದ್ದು ಬೇರೆ ಪ್ರಶ್ನೆ. 2021ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಅಧ್ಯಯನವೊಂದರಲ್ಲಿ ಪರೀಕ್ಷಿಸಿದ ಇಂಥ ಮಸ್ಕರಾಗಳ ಪೈಕಿ ಶೇ. 82ರಲ್ಲಿ ಫ್ಲೋರಿನ್ ಅಧಿಕವಾಗಿತ್ತು; ಪರಿಸರದಲ್ಲಿ ವಿಘಟನೆಯಾಗದೆ ಉಳಿಯುವ ಪಿಎಫ್‌ಎಎಸ್ ಗುಂಪಿನ ರಾಸಾಯನಿಕಗಳ ಸೂಚನೆ ಅದು. ಪಟ್ಟಿಯಲ್ಲಿ ‘ಫ್ಲೂರೊ’ ಎಂಬ ಅಕ್ಷರಗಳು ಕಂಡರೆ ಬಿಡುವುದು ಸುಲಭ.

ಪ್ಯಾರಾಬೆನ್ ಎಂಬ ಸಂರಕ್ಷಕಗಳ ಮೇಲೆ ಜನರಿಗಿರುವ ಭಯ ಅವುಗಳ ತಪ್ಪಿಗಿಂತ ದೊಡ್ಡದಾಗಿ ಬೆಳೆದಿದೆ ಎಂಬುದು ಈ ಲೇಖಕರ ಅಭಿಪ್ರಾಯ. ನೀರಿರುವ ಯಾವುದೇ ಪ್ರಸಾಧನಕ್ಕೆ ಸಂರಕ್ಷಕ ಬೇಕು. ಕಣ್ಣಿನ ಹತ್ತಿರದಲ್ಲಂತೂ ಅದಿಲ್ಲದಿರುವುದೇ ಹೆಚ್ಚು ಅಪಾಯ. ಐರೋಪ್ಯ ಒಕ್ಕೂಟ ಮೀಥೈಲ್, ಈಥೈಲ್ ಪ್ಯಾರಾಬೆನ್‌ಗಳನ್ನು ಪ್ರತ್ಯೇಕವಾಗಿ ಶೇ. 0.4ರವರೆಗೆ, ಫಿನಾಕ್ಸಿಎಥನಾಲ್ ಅನ್ನು ಶೇ. 1ರವರೆಗೆ ಒಪ್ಪುತ್ತದೆ. ಅಲರ್ಜಿಯ ದೃಷ್ಟಿಯಿಂದ ಹೆಚ್ಚು ಎಚ್ಚರ ಬೇಕಿರುವುದು ಫಾರ್ಮಾಲ್ಡಿಹೈಡನ್ನು ನಿಧಾನವಾಗಿ ಬಿಡುವ ಡಿಎಂಡಿಎಂ ಹೈಡಾಂಟಾಯಿನ್, ಕ್ವಾಟರ್ನಿಯಂ-15ರಂಥವುಗಳ ಬಗ್ಗೆ, ಸುಗಂಧದ ಬಗ್ಗೆ, ಕೃತಕ ರೆಪ್ಪೆಗೂದಲಿನ ಅಂಟಿನ ಬಗ್ಗೆ. ರೆಪ್ಪೆ ಕೆಂಪಾಗಿ ಸಿಪ್ಪೆ ಏಳುವ ತೊಂದರೆಗೆ ಕಾರಣ ಕೆಲವೊಮ್ಮೆ ಕಣ್ಣಿಗೆ ಹಚ್ಚಿದ್ದೇ ಆಗಿರುವುದಿಲ್ಲ. ಉಗುರುಬಣ್ಣದ ರಾಳ, ತಲೆಗೂದಲಿನ ಬಣ್ಣ ಬೆರಳಿನ ಮೂಲಕ ಕಣ್ಣಿಗೆ ತಲುಪಿರುತ್ತವೆ. ‘ಹೈಪೊಅಲರ್ಜೆನಿಕ್’ ಎಂಬ ಬರಹವನ್ನು ನಂಬಿ ಕೂರುವಂತಿಲ್ಲ. ಅದಕ್ಕೊಂದು ವ್ಯಾಖ್ಯೆ ಕೊಡಲು ಎಫ್‌ಡಿಎ 1975ರಲ್ಲಿ ಮಾಡಿದ ನಿಯಮವನ್ನು 1977ರಲ್ಲಿ ನ್ಯಾಯಾಲಯ ಅನೂರ್ಜಿತಗೊಳಿಸಿತು.

ರೆಪ್ಪೆಗೂದಲು ಬೆಳೆಸುವ ಸೀರಂಗಳು ಪ್ರಸಾಧನಕ್ಕಿಂತ ಔಷಧಕ್ಕೆ ಹತ್ತಿರ. ಗ್ಲಾಕೋಮಾ ಔಷಧವಾದ ಬೈಮ್ಯಾಟೊಪ್ರಾಸ್ಟ್ ಅನ್ನು ಈ ಉದ್ದೇಶಕ್ಕೆ ಅಮೆರಿಕದಲ್ಲಿ 2008ರಲ್ಲಿ ಒಪ್ಪಿದರು. ರೆಪ್ಪೆಯ ಚರ್ಮ ಕಪ್ಪಾಗುವುದು, ಕಣ್ಣಿನ ಸುತ್ತಲ ಕೊಬ್ಬು ಕರಗಿ ಕಣ್ಣು ಗುಳಿಬೀಳುವುದು, ಅಪರೂಪಕ್ಕೆ ಪಾಪೆಯ ಸುತ್ತಲ ವರ್ಣಪಟಲದ ಬಣ್ಣವೇ ಶಾಶ್ವತವಾಗಿ ಬದಲಾಗುವುದು ಅದರ ಅಡ್ಡಪರಿಣಾಮಗಳು. ವೈದ್ಯರ ಚೀಟಿಯಿಲ್ಲದೆ ಆನ್‌ಲೈನ್‌ನಲ್ಲಿ ಸಿಗುವ ಕೆಲವು ಸೀರಂಗಳಲ್ಲಿ ಇದೇ ಜಾತಿಯ ರಾಸಾಯನಿಕಗಳಿರುತ್ತವೆ.

ಕಾನೂನು

ಅಮೆರಿಕದ 1906ರ ಆಹಾರ ಮತ್ತು ಔಷಧ ಕಾನೂನಿನಲ್ಲಿ ಪ್ರಸಾಧನಗಳ ಮಾತೇ ಇರಲಿಲ್ಲ. 1930ರ ದಶಕದ ಆರಂಭದಲ್ಲಿ ‘ಲ್ಯಾಶ್ ಲ್ಯೂರ್’ ಎಂಬ ರೆಪ್ಪೆಗೂದಲ ಬಣ್ಣ ಅಲ್ಲಿ ಮಾರಾಟಕ್ಕೆ ಬಂತು. ಅದರಲ್ಲಿದ್ದ ಪ್ಯಾರಾಫೆನಿಲೀನ್‌ಡೈಅಮೈನ್ ಕಣ್ಣನ್ನು ಸುಟ್ಟು ಹಲವರಿಗೆ ಹಾನಿಯಾಯಿತು. ದೃಷ್ಟಿ ಕಳೆದುಕೊಂಡವರಿದ್ದರು, ಒಬ್ಬ ಮಹಿಳೆ ಸತ್ತರು. ಸರ್ಕಾರದ ಕೈಯಲ್ಲಿ ಅದನ್ನು ತಡೆಯುವ ಅಧಿಕಾರವೇ ಇರಲಿಲ್ಲ. ಇಂಥ ಪ್ರಕರಣಗಳ ಚಿತ್ರಗಳನ್ನು ಎಫ್‌ಡಿಎ ಊರೂರಿಗೆ ಒಯ್ದು ಪ್ರದರ್ಶಿಸಿತು. 1938ರ ಹೊಸ ಕಾನೂನು ಪ್ರಸಾಧನಗಳನ್ನು ಹಿಡಿತಕ್ಕೆ ತಂದದ್ದು ಆ ಮೇಲೆ. ಅದೇ ರಾಸಾಯನಿಕ ಇಂದಿಗೂ ತಲೆಗೂದಲಿನ ಕಪ್ಪು ಬಣ್ಣಗಳಲ್ಲಿದೆ. ರೆಪ್ಪೆಗೂದಲಿಗೂ ಹುಬ್ಬಿಗೂ ಹಚ್ಚಬಾರದು, ಹಚ್ಚಿದರೆ ಕುರುಡಾಗಬಹುದು ಎಂಬ ಎಚ್ಚರಿಕೆಯನ್ನು ಇಂಗ್ಲಿಷಿನ ಜೊತೆ ಸ್ಥಳೀಯ ಭಾಷೆಯಲ್ಲೂ ಮುದ್ರಿಸಬೇಕೆಂದು ಭಾರತದ ನಿಯಮ ಹೇಳುವುದು ಇದರಿಂದಲೇ. ನರೆತ ಹುಬ್ಬಿಗೆ ತಲೆಬಣ್ಣವನ್ನೇ ಒಂದಿಷ್ಟು ಹಚ್ಚಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಎಷ್ಟು ಸಾಮಾನ್ಯವೆಂದು ನೆನೆದರೆ, ಆ ಸಣ್ಣ ಅಕ್ಷರಗಳನ್ನು ಯಾರಾದರೂ ಗಟ್ಟಿಯಾಗಿ ಓದಿ ಹೇಳಬೇಕೆನಿಸುತ್ತದೆ.

ಭಾರತದಲ್ಲಿ ಪ್ರಸಾಧನಗಳು 1940ರ ಔಷಧ ಮತ್ತು ಪ್ರಸಾಧನ ಕಾಯ್ದೆ ಹಾಗೂ 2020ರ ಪ್ರಸಾಧನ ನಿಯಮಗಳಿಗೆ ಒಳಪಟ್ಟಿವೆ. ಬಣ್ಣಕ್ಕಾಗಿ ಸೀಸ ಅಥವಾ ಆರ್ಸೆನಿಕ್ ಸಂಯುಕ್ತಗಳನ್ನು ಬಳಸುವಂತಿಲ್ಲ; ಅನುಮತಿಸಿದ ಬಣ್ಣಗಳಲ್ಲಿ ಕಲ್ಮಶವಾಗಿ ಸೀಸ ಹತ್ತು ಲಕ್ಷದಲ್ಲಿ 20 ಭಾಗ, ಆರ್ಸೆನಿಕ್ 2 ಭಾಗ ಮೀರಬಾರದು. ಪಾದರಸಕ್ಕೆ ಕಣ್ಣಿನ ಪ್ರಸಾಧನದಲ್ಲಿ ಮಾತ್ರ ವಿನಾಯಿತಿ ಸಿಕ್ಕಿತ್ತು: ಸಂರಕ್ಷಕವಾಗಿ ಹತ್ತು ಲಕ್ಷದಲ್ಲಿ 70 ಭಾಗ. ಉಳಿದವುಗಳಲ್ಲಿ ಅರಿಯದೆ ಸೇರಿದ್ದರೂ 1 ಭಾಗ ಮೀರುವಂತಿಲ್ಲ. ಅತಿ ಸೂಕ್ಷ್ಮವಾದ ಜಾಗಕ್ಕೇ ಹೆಚ್ಚು ಪಾದರಸ ಒಪ್ಪಿದ್ದಕ್ಕೆ ಕಾರಣ ಸ್ಯೂಡೊಮೊನಾಸ್ ಭಯ. ಉತ್ತಮ ಸಂರಕ್ಷಕಗಳು ಸಿಗುವ ಈ ಕಾಲದಲ್ಲಿ ಆ ಕಾರಣ ನಿಲ್ಲುವುದಿಲ್ಲ. ಆಯುರ್ವೇದ ಔಷಧವೆಂದು ಪರವಾನಗಿ ಪಡೆದ ಅಂಜನಗಳು ಇದೇ ಕಾಯ್ದೆಯ ಬೇರೆ ಅಧ್ಯಾಯಕ್ಕೆ ಸೇರುತ್ತವೆ. ಕೊಳ್ಳುವವರು ನೋಡಬೇಕಾದದ್ದು ತಯಾರಿಕಾ ಪರವಾನಗಿಯ ಸಂಖ್ಯೆ, ಆಮದಾದರೆ ನೋಂದಣಿ ಸಂಖ್ಯೆ, ಬ್ಯಾಚ್, ಬಳಕೆಯ ಕೊನೆಯ ದಿನಾಂಕ, ಘಟಕಗಳ ಪಟ್ಟಿ. ಮುಚ್ಚಳ ತೆರೆದ ಡಬ್ಬಿಯ ಚಿತ್ರದಲ್ಲಿ ‘6ಎಂ’ ಎಂದಿದ್ದರೆ ತೆರೆದ ಬಳಿಕ ಆರು ತಿಂಗಳು ಬಳಸಬಹುದೆಂದು ಅರ್ಥ.

ರಂಗದ ಮೇಲೆ

ರಂಗಕಲೆಗಳ ಬಣ್ಣಗಾರಿಕೆ ದಿನನಿತ್ಯದ ಕಣ್ಣಿನ ಅಲಂಕಾರಕ್ಕಿಂತ ಭಾರವಾದದ್ದು. ತುಳುನಾಡಿನ ಭೂತಕೋಲದಲ್ಲಿ ಮುಖಕ್ಕೆ ಹಳದಿ ಕೊಡುವ ಅರದಾಳ ಆರ್ಸೆನಿಕ್‌ನ ಸಲ್ಫೈಡ್; ಹಳೆಯ ಯಕ್ಷಗಾನ ಚೌಕಿಯಲ್ಲಿದ್ದ ಇಂಗಳೀಕ ಪಾದರಸದ ಸಲ್ಫೈಡ್. ರಾತ್ರಿಯಿಡೀ ಬೆವರಿನೊಂದಿಗೆ ಇವು ಕಣ್ಣಂಚಿಗೆ ಇಳಿಯುತ್ತವೆ, ಅದೂ ವರ್ಷದಲ್ಲಿ ಹಲವು ತಿಂಗಳು. ಕಬ್ಬಿಣದ ಆಕ್ಸೈಡಿನ ಹಳದಿ, ಕೆಂಪು ಈಗ ಸುಲಭವಾಗಿ ಸಿಗುತ್ತವೆ. ಆಚರಣೆಯ ಗೌರವ ಕೆಡಿಸದೆ ಬಣ್ಣ ಬದಲಿಸುವುದು ಹೇಗೆಂದು ಕಲಾವಿದರನ್ನೇ ಕೂರಿಸಿಕೊಂಡು ಯೋಚಿಸುವ ಕೆಲಸ ಬೇಗ ಆಗಬೇಕಾಗಿದೆ.

ಮಕ್ಕಳು ಮತ್ತು ಚಿಕಿತ್ಸೆ

ಹಸುಗೂಸಿನ ಕಣ್ಣಿಗೆ ಕಾಡಿಗೆ ಹಚ್ಚಿದರೆ ಕಣ್ಣು ದೊಡ್ಡದಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಶಿಶುಗಳ ಕಣ್ಣೀರಿನ ನಾಳ ಸಣ್ಣದು, ಕೆಲವರಲ್ಲಿ ಹುಟ್ಟಿನಿಂದಲೇ ಕಟ್ಟಿಕೊಂಡಿರುತ್ತದೆ. ಹಚ್ಚುವ ಬೆರಳು, ಉಗುರು ಸೋಂಕು ತರುತ್ತವೆ. ದೃಷ್ಟಿಬೊಟ್ಟು ಇಡಲೇಬೇಕೆಂಬ ಅಜ್ಜಿಯ ಮನಸ್ಸಿಗೆ ನೋವಾಗದಂತೆ ಮನೆಯಲ್ಲೇ ಹಿಡಿದ ಕಾಡಿಗೆಯನ್ನು ಕಿವಿಯ ಹಿಂದೆಯೋ ಅಂಗಾಲಿಗೋ ಇಡಬಹುದು.

ಕಣ್ಣು ಉರಿದರೆ ಅಥವಾ ಕಣ ಬಿದ್ದರೆ ಉಜ್ಜದೆ, ಶುದ್ಧ ನೀರಿನಿಂದ ಹತ್ತು ಹದಿನೈದು ನಿಮಿಷ ತೊಳೆಯಬೇಕು. ನೋವು, ಬೆಳಕು ಸಹಿಸಲಾಗದಿರುವುದು, ಕೀವು, ಮಸುಕು ದೃಷ್ಟಿ ಕಂಡರೆ ಅದೇ ದಿನ ನೇತ್ರವೈದ್ಯರಲ್ಲಿಗೆ ಹೋಗಬೇಕು; ಅಂಗಡಿಯಿಂದ ಸ್ಟೀರಾಯ್ಡ್ ಹನಿ ತಂದು ಹಾಕಿಕೊಂಡರೆ ಸೋಂಕು ಉಲ್ಬಣಿಸಬಹುದು. ಹಚ್ಚಿದ್ದರ ಡಬ್ಬಿಯನ್ನು ಎಸೆಯದೆ ಜೊತೆಗೆ ಒಯ್ಯಬೇಕು, ವೈದ್ಯರಿಗೆ ಘಟಕಗಳ ಪಟ್ಟಿ ಬೇಕಾಗುತ್ತದೆ. ಪಟ್ಟಿಯಿಲ್ಲದ ಸುರ್ಮಾವನ್ನು ಮಗುವಿಗೆ ತಿಂಗಳುಗಟ್ಟಲೆ ಹಚ್ಚಿದ್ದರೆ, ಮಗು ಆಟವಾಡಿಕೊಂಡು ಚೆನ್ನಾಗಿಯೇ ಕಂಡರೂ, ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಬೇಕು. ಮಟ್ಟ ಡೆಸಿಲೀಟರಿಗೆ 45 ಮೈಕ್ರೋಗ್ರಾಂ ಮುಟ್ಟಿದಾಗ ಸೀಸವನ್ನು ಹಿಡಿದು ಹೊರಹಾಕುವ ಔಷಧ ಕೊಡುತ್ತಾರೆ. ಅದಕ್ಕಿಂತ ಕೆಳಗಿದ್ದರೆ ಸುರ್ಮಾ ನಿಲ್ಲಿಸುವುದು, ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಇರುವ ಆಹಾರ ಕೊಡುವುದು, ಕೆಲವು ವಾರಗಳ ನಂತರ ಮತ್ತೆ ಪರೀಕ್ಷಿಸುವುದೇ ಚಿಕಿತ್ಸೆ.